ಗೋಡೆಗೆ ತಕ್ಕ ನೀರು

ಮನೆ ತೊಳೆಯುವ ಕಸುಬು ಹಿಡಿಯಬೇಕೆಂದು ನನ್ನ ಹತ್ತಿರ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು, ಎಷ್ಟು ಹಾರ್ಸ್‌ಪವರಿನ ಯಂತ್ರ ತೊಗೊಳ್ಳಲಿ ಎಂದು. ಆಮೇಲೆ ಯಾವ ಕಂಪನಿ ಎಂದು. ಯಾವ ಗೋಡೆ ತೊಳೆಯಬೇಕಾದೀತು ಎಂದು ಮಾತ್ರ ಇದುವರೆಗೆ ಯಾರೂ ಕೇಳಿಲ್ಲ. ಅವರನ್ನು ಬೈಯುವ ಅಧಿಕಾರ ನನಗಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳದೆ ಏನೇನಾಯಿತೋ ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಊರು ಸೇಡಂ ತಾಲೂಕಿನ ಕುರಕುಂಟಾ. ಹೆಸರು ದೇವೀಂದ್ರಪ್ಪ. ಮೈಸೂರು ರಾಜ್ಯ ಇದ್ದ ಕಾಲದಲ್ಲಿ, ಮೀಸೆ ಸರಿಯಾಗಿ ಮೂಡುವ ಮೊದಲೇ, ವಾಡಿಯ ರೈಲ್ವೆ ಶೆಡ್ಡಿನಲ್ಲಿ ಎಂಜಿನ್ ತೊಳೆಯುವ ಗ್ಯಾಂಗಿಗೆ ಸೇರಿದೆ. ಎಂಜಿನ್ ತೊಳೆಯುವುದೆಂದರೆ ಮೇಲೆ ಮಸಿ ಒರೆಸುವುದು ಎಂದು ನಾನು ತಿಳಿದಿದ್ದೆ. ಅಲ್ಲಿ ತೊಳೆಯಬೇಕಿದ್ದದ್ದು ಒಳಗನ್ನು. ನಮ್ಮ ಕಡೆಯ ನೀರು ಸುಣ್ಣದ ಕಲ್ಲಿನ ಮೇಲಿಂದ ಹರಿದು ಬರುವ ನೀರು. ಅದು ಬಾಯ್ಲರಿನಲ್ಲಿ ಕುದಿದು ಕುದಿದು ಒಳಗೋಡೆಗೆ ಬಿಳಿ ಚಕ್ಕೆ ಕಟ್ಟುತ್ತದೆ, ಹಳೆಯ ಕೊಡದ ತಳದಲ್ಲಿ ಕಟ್ಟುವ ಹಾಗೆ. ಬಾಯ್ಲರ್ ಪೂರಾ ಆರಿದ ಮೇಲೆ ಬಿರಡೆಗಳನ್ನು ಬಿಚ್ಚಿ, ಪಂಪಿನ ಕೊಳವೆಯ ತುದಿಗೆ ಮೂತಿ ಸಿಕ್ಕಿಸಿ, ಜೋರಾಗಿ ನೀರು ಹೊಡೆದು ಆ ಚಕ್ಕೆಯನ್ನು ಕಿತ್ತು ಹೊರಗೆ ತರಬೇಕು.

ನಮ್ಮ ಗ್ಯಾಂಗಿನ ಮುಖ್ಯಸ್ಥರು ಖಾದರ್ ಉಸ್ತಾದರು. ಕುಳ್ಳಗಿನ ಮನುಷ್ಯ, ಗಡ್ಡಕ್ಕೆ ಮೆಹಂದಿ. ಬಾಯ್ಲರಿನಿಂದ ಬಂದ ಚಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು ಮುರಿದು ನೋಡಿ, ಈ ಎಂಜಿನ್ ಯಾವ ಯಾವ ಸ್ಟೇಶನ್ನಿನಲ್ಲಿ ನೀರು ಕುಡಿದಿದೆ ಎಂದು ಹೇಳುತ್ತಿದ್ದರು. ನಾನು ಡ್ರೈವರುಗಳನ್ನು ಕೇಳಿ ತಾಳೆ ನೋಡುತ್ತಿದ್ದೆ. ಹೆಚ್ಚಿನ ಸಲ ಸರಿಯಿರುತ್ತಿತ್ತು.

ಒಂದು ಸಲ ಮಧ್ಯಾಹ್ನ ಊಟದ ಹೊತ್ತಾಗಿತ್ತು. ಹೊರಬರುವ ನೀರು ಇನ್ನೂ ಬೂದು ಬಣ್ಣದ್ದೇ ಇತ್ತು. ನನಗೆ ಹಸಿವೆ. "ನೀರು ತಿಳಿ ಬಂತ್ರಿ ಉಸ್ತಾದ್" ಎಂದು ಕೂಗಿ ಬಿರಡೆ ಹಾಕಿಬಿಟ್ಟೆ. ಉಸ್ತಾದರು ಬಂದು, ನನ್ನ ಕೈಯಲ್ಲಿ ಗಾಜಿನ ಲೋಟ ಕೊಟ್ಟು, ಕೆಳಗಿನ ಬಿರಡೆಯನ್ನು ಮತ್ತೆ ಬಿಚ್ಚಿಸಿದರು. ಲೋಟ ತುಂಬಿಸಿ ಬಿಸಿಲಿಗೆ ಹಿಡಿದರು.

"ಇದರಾಗ ಏನ್ ಕಾಣ್ಲಿಕತ್ತದ?"

"ಮಣ್ಣ ಅದರಿ."

"ಸುಳ್ಳೂ ಅದ," ಎಂದರು. ಅಷ್ಟೇ. ಫೋರ್ಮನ್ನರಿಗೆ ಹೇಳಲಿಲ್ಲ. ಅಂದಿನಿಂದ ನಾನು ಲೋಟ ಇಲ್ಲದೆ ಕೆಲಸಕ್ಕೆ ಹೋದವನಲ್ಲ.

ವರ್ಷಗಳು ಕಳೆದವು. ಮೈಸೂರು ರಾಜ್ಯ ಕರ್ನಾಟಕವಾಯಿತು. ಉಸ್ತಾದರು ರಿಟೈರಾಗಿ ವಾಡಿಯಲ್ಲೇ ಮನೆ ಮಾಡಿದರು. ಕಲ್ಲಿದ್ದಲಿನ ಎಂಜಿನ್ನುಗಳು ಕಡಿಮೆಯಾಗುತ್ತ ಬಂದು, ನಮ್ಮ ಗ್ಯಾಂಗಿನವರನ್ನು ದೂರದ ಊರುಗಳಿಗೆ ಹಂಚುವ ಮಾತು ಶುರುವಾಯಿತು. ನನಗೆ ಊರು ಬಿಡುವ ಮನಸ್ಸಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬೇರೆ ಒಂದು ಕುತೂಹಲ ಹತ್ತಿತ್ತು. ವಾಡಿಯಲ್ಲಿ ಕಾರ್ಖಾನೆಯಿಂದ ಹಾರಿ ಬರುವ ಸಿಮೆಂಟಿನ ಪುಡಿ ಗಾಳಿಯಲ್ಲೇ ಇರುತ್ತಿತ್ತು. ಮನೆಗಳ ಗೋಡೆ, ಕಟ್ಟೆ, ತುಳಸಿಕಟ್ಟೆ, ಹಗ್ಗದ ಮೇಲಿನ ಬಟ್ಟೆ, ಎಲ್ಲದರ ಮೇಲೂ ಕೂರುತ್ತಿತ್ತು. ಮಳೆಯ ಹನಿ ಬಿದ್ದರೆ ಅಲ್ಲೇ ಗಟ್ಟಿಯಾಗುತ್ತಿತ್ತು. ಹೆಂಗಸರು ಈಳಿಗೆಯ ತುದಿಯಿಂದ ಕಟ್ಟೆ ಕೆರೆಯುವುದನ್ನು ನೋಡಿ ನನಗೆ ಅನಿಸಿತು: ಬಾಯ್ಲರಿನ ಚಕ್ಕೆ ಕೀಳುವ ನೀರು ಇದನ್ನು ಕೀಳಲಾರದೇ?

ಮೊದಲ ಪ್ರಯೋಗ ವಾಡಿಯ ನಮ್ಮ ಮನೆಯ ಮೇಲೇ ನಡೆಯಿತು. ಕುರಕುಂಟಾಕ್ಕೆ ಹೋಗಿ ಅಣ್ಣನ ಹೊಲದ ಔಷಧ ಹೊಡೆಯುವ ಕೈಪಂಪು ತಂದೆ. ಮೂರು ಸಲ ಸೋಡಾ ಹಾಕಿ ತೊಳೆದರೂ ಔಷಧದ ವಾಸನೆ ಹೋಗಲಿಲ್ಲ. ಇದು ಹೊಸಬರಿಗೆ ಹೇಳುವ ಮೊದಲ ಮಾತು: ಬೆಳೆಗೆ ವಿಷ ಹೊಡೆದ ಪಂಪನ್ನು ಮನೆ ತೊಳೆಯಲು ತರಬೇಡಿ. ಅದಿರಲಿ. ನಾನು ಮುಂಬಾಗಿಲ ಗೋಡೆಗೆ ಒಂದು ತಾಸು ಬೆವರು ಸುರಿಸಿ ನೀರು ಹೊಡೆದೆ. ಒದ್ದೆ ಗೋಡೆ ಹೊಸದರಂತೆ ಕಂಡಿತು. ಹೆಂಡತಿ ನೀಲಮ್ಮನನ್ನು ಕರೆದು ತೋರಿಸಿದೆ. ಅವಳು ನೋಡಿ ಒಳಗೆ ಹೋದಳು. ಮರುದಿನ ಬೆಳಿಗ್ಗೆ ನೋಡಿದರೆ, ಗೋಡೆಯ ಮೇಲಿದ್ದ ಪುಡಿಯೆಲ್ಲ ಕೆಸರಾಗಿ ಇಳಿದು, ಸಾಲು ಸಾಲಾಗಿ ಒಣಗಿ, ಗೋಡೆಗೆ ಜಡೆ ಬಿಟ್ಟಂತೆ ಗಟ್ಟಿಯಾಗಿ ನಿಂತಿತ್ತು. ಉಗುರಿಗಲ್ಲ, ಉಳಿಗೂ ಬರಲಿಲ್ಲ.

ನೀಲಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹಿಟ್ಟಿನ ಮ್ಯಾಲ ಜರಾ ನೀರ್ ಚಿಮಕ್ಸಿದ್ರ ಹಿಟ್ಟು ಹೋಗ್ತದೇನು? ಮುದ್ದಿ ಆಗ್ತದ. ಪೈಲೆ ಕಸಬರಗಿಲೆ ಝಾಡಿಸ್ಬೇಕು. ಆಮ್ಯಾಲ ನೀರು. ಇಷ್ಟು ಗೊತ್ತಾಗಂಗಿಲ್ಲೇನ್ ನಿಮಗ?"

"ನಿನ್ನೆ ಯಾಕ್ ಹೇಳ್ಲಿಲ್ಲ?"

"ನೀವು ಯಾವಾಗ ಕೇಳಿದ್ರಿ?"

ನನ್ನ ಕಸುಬಿನ ಮೊದಲ ಸಾಧನ ಹೀಗೆ ಪಂಪು ಆಗಲಿಲ್ಲ, ಒಂದು ಗಟ್ಟಿ ಕಸಬರಿಗೆ ಆಯಿತು. ಎರಡನೆಯದು ನೀಲಮ್ಮ. ಸಾಧನ ಎಂದರೆ ಅವಳು ಇವತ್ತೂ ಸಿಟ್ಟಾಗುತ್ತಾಳೆ. ಆದರೆ ನಮ್ಮ ಕಡೆ ಬಹಳ ಮನೆಗಳಲ್ಲಿ ಒಳಾಂಗಣಕ್ಕೆ ಪರಗಂಡಸು ಹೋಗುವಂತಿಲ್ಲ. ಆ ಮನೆಗಳ ಅಂಗಳಗಳೆಲ್ಲ ಅವಳ ಕೈಯಲ್ಲೇ ಸ್ವಚ್ಛವಾದವು. ಅವಳಿಲ್ಲದಿದ್ದರೆ ನಾನು ಮುಂಬಾಗಿಲಲ್ಲೇ ನಿಲ್ಲುತ್ತಿದ್ದೆ.

ನೌಕರಿ ಬಿಟ್ಟೆ. ಯಂತ್ರ ಹುಡುಕಲು ಉಸ್ತಾದರನ್ನು ಕರೆದುಕೊಂಡು ಹೈದರಾಬಾದಿಗೆ ಹೋದೆ. ಹಳೆ ಯಂತ್ರಗಳ ಬಜಾರಿನಲ್ಲಿ ಎರಡು ದಿನ ತಿರುಗಿದೆವು. ಹೊಲಕ್ಕೆ ನೀರೆತ್ತುವ ಐದು ಹಾರ್ಸ್‌ಪವರಿನ ಪಂಪನ್ನು ನೋಡಿ ನಾನು ಮರುಳಾದೆ. ತೊಟ್ಟಿಗೆ ಕೊಳವೆ ಇಳಿಸಿ ಚಾಲೂ ಮಾಡಿದರೆ ಹೊಳೆಯಂತೆ ನೀರು ಬಂತು. ಉಸ್ತಾದರು ಆ ನೀರಿಗೆ ಅಂಗೈ ಒಡ್ಡಿದರು. ಕೈ ಒಂದಿಷ್ಟೂ ಹಿಂದೆ ಸರಿಯಲಿಲ್ಲ.

"ನೀರ್ ಭಾಳ ಅದ, ಹಟ ಇಲ್ಲ," ಎಂದರು. "ಮತ್ತ ಇಷ್ಟು ನೀರು ಯಾರ್ ಕೊಡ್ತಾರ ನಿನಗ? ಸೇಡಮದಾಗ ಬ್ಯಾಸಿಗ್ಯಾಗ ಎರಡು ಕೊಡಕ್ಕ ಹೆಣ್ಮಕ್ಕಳು ಜಗಳಾಡ್ತಾರ."

ಇನ್ನೊಂದು ಅಂಗಡಿಯಲ್ಲಿ ಬಾಯ್ಲರ್ ಪರೀಕ್ಷೆ ಮಾಡುವ ಕೈಪಂಪು ಸಿಕ್ಕಿತು. ಅದರ ಜೋರಿಗೆ ಒತ್ತಡ ತೋರಿಸುವ ಗಡಿಯಾರದ ಮುಳ್ಳು ಪೂರಾ ತಿರುಗಿತು, ಆದರೆ ನೀರು ಬಂದದ್ದು ಚಮಚದಷ್ಟು. ಹಟ ಇತ್ತು, ನೀರಿರಲಿಲ್ಲ. ಆಗ ನನಗೆ ಹೊಳೆಯಿತು: ನಾವು ಹುಡುಕುತ್ತಿರುವುದು ಶಕ್ತಿಯ ಯಂತ್ರವನ್ನಲ್ಲ, ಇವೆರಡರ ನಡುವಿನ ಒಂದು ಹದವನ್ನು. ಬಜಾರಿನವನೊಬ್ಬ ಊರ ಹೊರಗಿನ ದ್ರಾಕ್ಷಿ ತೋಟವೊಂದರ ದಾರಿ ತೋರಿಸಿದ. ಅಲ್ಲಿ ಬಳ್ಳಿಗಳಿಗೆ ಔಷಧ ಹೊಡೆಯಲು ತಂದು, ತಳ್ಳುಗಾಡಿ ಮುರಿದಿದ್ದರಿಂದ ಮೂಲೆಗೆ ಬಿದ್ದಿದ್ದ ಪಂಪು ಇತ್ತು. ಅದರೊಳಗೆ ಮೂರು ಹಿತ್ತಾಳೆಯ ದಂಡಗಳು ಒಂದಾದ ಮೇಲೊಂದು ಆಡುತ್ತಿದ್ದವು. ಒಂದು ಎಳೆದುಕೊಳ್ಳುವಾಗ ಇನ್ನೊಂದು ತಳ್ಳುತ್ತಿದ್ದುದರಿಂದ ನೀರು ತಡೆದು ತಡೆದು ಬರುತ್ತಿರಲಿಲ್ಲ. ಒಂದು ಪೀಪಾಯಿ ನೀರಿನಲ್ಲಿ ಒಂದು ಗೋಡೆ ಮುಗಿಯುವ ಹಾಗಿತ್ತು. ಜೊತೆಗೆ ಬೆಲ್ಟಿನ ಪಟ್ಟೆಯಿಂದ ಪಂಪನ್ನು ತಿರುಗಿಸುವ ಸೀಮೆಎಣ್ಣೆಯ ಸಣ್ಣ ಎಂಜಿನ್. ನಮ್ಮ ಊರುಗಳ ಕರೆಂಟನ್ನು ನಂಬಿ ಮೋಟರ್ ತರುವ ಧೈರ್ಯ ಇಬ್ಬರಿಗೂ ಇರಲಿಲ್ಲ. ವಿಷ ಹೊಡೆದ ಪಂಪು ಬೇಡವೆಂದು ಮೇಲೆ ಹೇಳಿದೆನಲ್ಲ, ಇದೂ ಅದೇ ಜಾತಿ. ಆದ್ದರಿಂದ ಒಳಗಿನ ಚರ್ಮದ ವಾಷರು, ರಬ್ಬರಿನ ಕೊಳವೆ, ಎಲ್ಲ ಕಿತ್ತೆಸೆದು ಹೊಸದು ಹಾಕಿಸಿದೆವು. ಹಿತ್ತಾಳೆಯನ್ನು ಉಸ್ತಾದರು ಹುಣಸೆಹಣ್ಣು, ಬೂದಿ ಹಾಕಿ ಒಂದು ದಿನ ಪೂರಾ ತಿಕ್ಕಿದರು.

ಪಂಪಿಗೆ ಒತ್ತಡ ತೋರಿಸುವ ಗಡಿಯಾರ ಇತ್ತು. ಗಾಜು ಒಡೆದಿತ್ತು, ಮುಳ್ಳು ಬಿದ್ದು ಹೋಗಿತ್ತು. ಅದನ್ನು ಬದಲಿಸೋಣ ಎಂದು ಉಸ್ತಾದರು ಎರಡು ಸಲ ಹೇಳಿದರು. ಇಪ್ಪತ್ತು ವರ್ಷ ಕೊಳವೆ ಹಿಡಿದವನಿಗೆ ಕೈಯೇ ಗಡಿಯಾರ ಎಂದು ನಾನು ಕೇಳಲಿಲ್ಲ. ಈ ಮಾತಿಗೆ ಮುಂದೆ ಬರುತ್ತೇನೆ.

ವಾಡಿ, ಚಿತ್ತಾಪುರ, ಸೇಡಂ ಎಲ್ಲ ರೈಲಿನ ದಾರಿ, ಶಹಾಬಾದಿಗೂ ರೈಲು. ಪಂಪು, ಎಂಜಿನ್ ಒಂದೇ ಚೌಕಟ್ಟಿನ ಮೇಲೆ ಕೂರಿಸಿ ಗಾರ್ಡಿನ ಡಬ್ಬಿಗೆ ಹಾಕಿಸಿಕೊಂಡು ಹೋಗುತ್ತಿದ್ದೆ. ಚಿಂಚೋಳಿಯಿಂದ ಕರೆ ಬಂದಾಗ ತೊಂದರೆಯಾಯಿತು. ಅಲ್ಲಿಗೆ ಬಸ್ಸೇ ಗತಿ. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನ ಸೇರಿ ಯಂತ್ರವನ್ನು ಬಸ್ಸಿನ ಮೇಲೆ ಏರಿಸಿದರು. ಚಿಂಚೋಳಿಯಲ್ಲಿ ಇಳಿಸಲು ಒಬ್ಬರೂ ಇರಲಿಲ್ಲ. ಕಂಡಕ್ಟರ್ ಗಡಿಬಿಡಿ ಮಾಡುತ್ತಿದ್ದ. ಬಸ್ಸಿನ ತುಂಬ ತೆಲುಗು ಮಾತಾಡುವ ಸಂತೆಯವರು, ಅವರಿಗೂ ಮನೆ ಸೇರುವ ಅವಸರ.

ನೀಲಮ್ಮ ಏಣಿ ಹತ್ತಿ ಮೇಲೆ ಹೋದಳು. "ಸ್ಪ್ಯಾನರ್ ಕೊಡ್ರಿ," ಎಂದಳು. ಮೇಲೆ ಕುಳಿತೇ ನಾಲ್ಕು ಬೋಲ್ಟು ಬಿಚ್ಚಿ, ಪಂಪು ಬೇರೆ, ಎಂಜಿನ್ ಬೇರೆ ಮಾಡಿ, ಹಗ್ಗ ಕಟ್ಟಿ ಇಳಿಬಿಟ್ಟಳು. ಅಂದಿನಿಂದ ನಮ್ಮ ಯಂತ್ರ ಎರಡು ತುಂಡಾಯಿತು. ಒಂದೊಂದಕ್ಕೂ ಎರಡೆರಡು ಹಿಡಿಕೆ ಬೆಸುಗೆ ಹಾಕಿಸಿದೆ. ನನಗೆ ಎತ್ತಲು ಬಂದರೆ ಸಾಲದು, ಅವಳಿಗೂ ಬರಬೇಕು ಎಂಬುದೇ ತೂಕದ ಲೆಕ್ಕವಾಯಿತು. ಯಂತ್ರ ಕೊಳ್ಳಲು ಹೋಗುವವರು ಅಂಗಡಿಯಲ್ಲೇ ಅದನ್ನೊಮ್ಮೆ ಎತ್ತಿ ನೋಡಿ. ನಾಚಿಕೆಪಡಬೇಡಿ.

ಇನ್ನು ಶಹಾಬಾದಿನ ತಪ್ಪು. ಅಲ್ಲಿ ಕಲ್ಲಿನ ವ್ಯಾಪಾರ ಮಾಡುವ ಒಬ್ಬರ ಮನೆಯ ಪಡಸಾಲೆ. ನೆಲಕ್ಕೆ ದೊಡ್ಡ ದೊಡ್ಡ ನೀಲಿ ಬಂಡೆ, ಮುಖ ಕಾಣುವಂತೆ ಹೊಳಪು ಕೊಟ್ಟದ್ದು. ಗೋಡೆ ಪ್ಲಾಸ್ಟರ್ ಮಾಡುವಾಗ ಚೆಲ್ಲಿದ ಸಿಮೆಂಟು ಅಲ್ಲಲ್ಲಿ ಅಂಟಿತ್ತು. ನೀರಿಗೆ ಅದು ಬರಲಿಲ್ಲ. ಯಾರೋ ಆಸಿಡ್ ಹಾಕಿದರೆ ಸಿಮೆಂಟು ಬಿಡುತ್ತದೆ ಎಂದಿದ್ದರು. ಹಾಕಿದೆ. ಸಿಮೆಂಟು ಬಿಟ್ಟಿತು, ನಿಜ. ಅದರ ಜೊತೆಗೇ ಕಲ್ಲು ಸೊರ್ ಎಂದು ಬುರುಗು ಕಾರತೊಡಗಿತು! ನನಗೆ ಹೆದರಿಕೆಗಿಂತ ಮೊದಲು ಆಶ್ಚರ್ಯವಾಯಿತು. ಕಲ್ಲು ಕುದಿಯುವುದನ್ನು ನಾನು ನೋಡಿರಲಿಲ್ಲ. ಬಗ್ಗಿ ನೋಡುತ್ತಲೇ ಕುಳಿತೆ. ನೀಲಮ್ಮ ಕೊಡದ ನೀರನ್ನು ಒಮ್ಮೆಲೇ ಸುರಿಯದಿದ್ದರೆ ಇನ್ನೂ ಎಷ್ಟು ಹಾಳಾಗುತ್ತಿತ್ತೋ. ಬುರುಗು ಹೋದ ಮೇಲೆ ಹೊಳೆಯುವ ನೀಲಿ ನೆಲದ ನಡುವೆ ಬಿಳಿ ಮಚ್ಚೆಗಳು ಉಳಿದಿದ್ದವು, ತೊನ್ನು ಹತ್ತಿದಂತೆ.

ಮನೆಯ ಯಜಮಾನರು ಬಂದು ನೋಡಿದರು. ಕೂಗಾಡಲಿಲ್ಲ. "ಏನಪಾ, ಹುಟ್ಟಿದಾಗಿಂದ ಈ ಕಲ್ಲಿನ ನಾಡಿನ್ಯಾಗ ಅದಿ. ಇದು ಸುಣ್ಣದ ಕಲ್ಲು ಅಂಬೂದು ಗೊತ್ತಿಲ್ಲೇನು? ಸುಣ್ಣಕ್ಕ ಹುಳಿ ಆಗ್ತದೇನು?" ಎಂದರು. ನಾಚಿ ನೀರಾದೆ. ಬಾಯ್ಲರಿನ ಚಕ್ಕೆಯೂ ಅದೇ ಸುಣ್ಣ. ಅದರ ಜೊತೆಯಲ್ಲೇ ಅರ್ಧ ಆಯುಷ್ಯ ಕಳೆದಿದ್ದೆ. ಉಸ್ತಾದರನ್ನು ಕರೆಸಿ, ಇಬ್ಬರೂ ಮೊಣಕಾಲೂರಿ, ಉಜ್ಜುಗಲ್ಲಿನಿಂದ ಹದಿನೈದು ದಿನ ಆ ನೆಲ ತಿಕ್ಕಿದೆವು. ಮುಕ್ಕಾಲು ಹೊಳಪು ಮರಳಿತು. ಆಮೇಲೆ ನನ್ನ ಪೆಟ್ಟಿಗೆಯಲ್ಲಿ ಯಾವಾಗಲೂ ಒಂದು ನಿಂಬೆಹಣ್ಣು ಇರುತ್ತಿತ್ತು. ಕಲ್ಲಿನ ಕಾಣದ ಮೂಲೆಯಲ್ಲಿ ಒಂದು ಹನಿ ಹಿಂಡಿ, ಕಿವಿಗೊಟ್ಟು ಕೇಳುವುದು. ಸದ್ದು ಬಂದರೆ ಆಸಿಡ್ ಬಾಟಲಿಯನ್ನು ಪೆಟ್ಟಿಗೆಯಿಂದ ತೆಗೆಯುವಂತೆಯೇ ಇಲ್ಲ.

ಇದೆಲ್ಲ ಸಣ್ಣದು. ಹೇಳಲೇಬೇಕಾದದ್ದು ಚಿತ್ತಾಪುರದ ಮನೆಯ ಕಥೆ.

ಬೀದಿಯ ಕೊನೆಯಲ್ಲಿ ಜೈನಬಿಯವರ ಮನೆ. ಗಂಡ ಹುಸೇನ್ ಸಾಬ್, ಊರಿಗೆಲ್ಲ ಬೇಕಾಗಿದ್ದ ಟೇಲರ್. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ನಿಧಾನ, ಆದರೆ ಸ್ಪಷ್ಟ. ಬೀದಿ ಕಡೆಯ ಕೋಣೆಯಲ್ಲಿ, ಗೋಡೆಗೆ ಹತ್ತಿಸಿ ಹಾಕಿದ ಮಂಚದ ಮೇಲೆ ಮಲಗಿರುತ್ತಿದ್ದರು. ಆ ಕೋಣೆಗೆ ಕಿಟಕಿಯಿರಲಿಲ್ಲ. ಜೈನಬಿ ಹೊಲಿಗೆಯಂತ್ರ ತುಳಿಯಬಲ್ಲವರು. ಆದರೆ ಅಳತೆ, ಕತ್ತರಿ ಎರಡೂ ಗಂಡನ ಕೈಯವಾಗಿದ್ದವು. ಪರಗಂಡಸರ ಮೈಗೆ ಟೇಪು ಹಿಡಿದು ಅಳೆಯಲು ಅವರಿಗೆ ಆಗದು. ಗಂಡಸರು ಮನೆಯೊಳಗೆ ಬರುವಂತಿಲ್ಲ. ಯಂತ್ರಕ್ಕೆ ಬಟ್ಟೆ ಮುಚ್ಚಿಟ್ಟಿದ್ದರು.

ರಮಜಾನಿಗೆ ಮೊದಲು ಬೀದಿ ಗೋಡೆಗೆ ಹೊಸ ಸುಣ್ಣ ಹಚ್ಚಿಸಬೇಕು, ಹಳೆಯ ಸುಣ್ಣದ ಪದರೆಲ್ಲ ಕಿತ್ತು ಹೋಗಲಿ ಎಂದು ನಮ್ಮನ್ನು ಕರೆಸಿದ್ದರು. ನೀಲಮ್ಮ ಒಳಗೆ ಹೋಗಿ ಅಂಗಳ ಝಾಡಿಸತೊಡಗಿದಳು. ನಾನು ಬೀದಿಯಲ್ಲಿ ಎಂಜಿನ್ ಚಾಲೂ ಮಾಡಿದೆ. ಕೊಳವೆಗೆ ಹಾಕಿದ್ದು ಬಾಯ್ಲರಿಗೆ ಬಳಸುತ್ತಿದ್ದಂಥ ನೇರ ಮೂತಿ. ಸೂಜಿಯಂತೆ ಒಂದೇ ಧಾರೆ. ಸುಣ್ಣದ ಚಕ್ಕೆಗಳು ಹಪ್ಪಳದಂತೆ ಹಾರಿದವು. ಹತ್ತು ಪದರದ ಕೆಳಗೆ ನೀಲಿ, ಅದರ ಕೆಳಗೆ ಹಳದಿ, ಅದರ ಕೆಳಗೆ ಮತ್ತೆ ಬಿಳಿ. ಯಾವ ಕಾಲದಲ್ಲಿ ಯಾರು ಹಳದಿ ಹಚ್ಚಿಸಿದ್ದರೋ ಎಂದು ಕುತೂಹಲವಾಗಿ, ಒಂದೇ ಜಾಗದಲ್ಲಿ ಇನ್ನಷ್ಟು ಹೊತ್ತು ಧಾರೆ ಹಿಡಿದೆ. ಕೆಳಗೆ ಕಲ್ಲು ಕಂಡಿತು, ಕಲ್ಲಿನ ಸಂದು ಕಂಡಿತು. ಸಂದಿನಿಂದ ಕೆಂಪು ನೀರು ಇಳಿಯಿತು. ಕೊಳೆ ಹೋಗುತ್ತಿದೆ ಎಂದುಕೊಂಡೆ.

ಕೊಳೆಯಲ್ಲ ಅದು. ಗೋಡೆಯ ಕಲ್ಲುಗಳನ್ನು ಹಿಡಿದಿದ್ದ ಮಣ್ಣು.

ಒಳಗಿನಿಂದ ನೀಲಮ್ಮ ಚೀರಿದಳು. "ನಿಂದ್ರಸ್ರೀ! ನೀರ್ ನಿಂದ್ರಸ್ರೀ! ಗ್ವಾಡಿ ಒಳಗ ಬರ್ಲಿಕತ್ತದ!"

ಎಂಜಿನ್ ಬಂದ್ ಮಾಡಿ ಒಳಗೆ ಓಡಿದೆ. ಪರಗಂಡಸು ಹೋಗಬಾರದು ಎಂಬುದು ಆಗ ಯಾರಿಗೂ ನೆನಪಿರಲಿಲ್ಲ. ಮಂಚದ ಕೆಳಗೆ ಕೆಸರು ನಿಂತಿತ್ತು. ಹುಸೇನ್ ಸಾಬರ ತಲೆಯ ಮೇಲೆ ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ನೀಲಮ್ಮ ಮಂಚದ ಕಾಲ್ದೆಸೆ ಹಿಡಿದು ಎಳೆಯುತ್ತಿದ್ದಳು, ಜೈನಬಿ ತಲೆದೆಸೆಯಿಂದ ತಳ್ಳುತ್ತಿದ್ದರು. ಮಂಚದ ಒಂದು ಕಾಲು ನೆಲದ ಬಂಡೆಯ ಸಂದಿಗೆ ಸಿಕ್ಕಿತ್ತು. ನಾನು ಹೆಗಲು ಕೊಟ್ಟು ಎತ್ತಿದೆ. ಮೂವರೂ ಸೇರಿ ಮಂಚವನ್ನು ಅಂಗಳಕ್ಕೆ ತಂದಿಟ್ಟು, ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಕೋಣೆಯಲ್ಲಿ ಕಲ್ಲು ಉರುಳಿದ ಸದ್ದು ಬಂತು. ಮೊದಲು ಒಂದು. ಆಮೇಲೆ ಎಷ್ಟೋ.

ಧೂಳು ಇಳಿದ ಮೇಲೆ ನೋಡಿದೆವು. ಮಂಚ ಇದ್ದ ಜಾಗದಲ್ಲಿ ಮೊಣಕಾಲೆತ್ತರ ಕಲ್ಲು ಬಿದ್ದಿತ್ತು. ಗೋಡೆಯಲ್ಲಿ ಆಳೆತ್ತರದ ಕಿಂಡಿ. ಮೇಲಿನ ತೊಲೆ ಅದೃಷ್ಟಕ್ಕೆ ಬೇರೆ ಕಡೆ ಕೂತಿತ್ತು, ಮಾಳಿಗೆ ಅಲುಗಲಿಲ್ಲ.

ನಾನು ಅಲ್ಲೇ ಕುಕ್ಕರಿಸಿದೆ. ಜೈನಬಿ ಸೆರಗು ಸರಿಮಾಡಿಕೊಂಡು ನನ್ನ ಮುಂದೆ ಬಂದು ನಿಂತರು.

"ಈಗ ಏನ್ ಮಾಡ್ತಿ?"

"ಕಟ್ಟಿ ಕೊಡ್ತೀನ್ರಿ. ಕಟ್ಟೋ ತನಕ ಇಲ್ಲಿಂದ ಹೋಗಂಗಿಲ್ಲ."

"ಹೋಗಂಗಿಲ್ಲ ಅಂದ್ರ ಕುಂತೇ ಇರ್ತೀ ಏನು? ಏಳು. ಪೈಲೆ ನೀರ್ ಕುಡಿ," ಎಂದು ಚೊಂಬು ಕೊಟ್ಟರು.

ಊರಿನಲ್ಲಿ ಗೋಡೆ ಕಟ್ಟುವ ಗೌಂಡಿಯೊಬ್ಬನನ್ನು ಕರೆತಂದೆ. ನೀಲಮ್ಮ ಒಳಗೆ ಜೈನಬಿಯವರೊಂದಿಗೆ ಉಳಿದಳು, ನಾನು ಎದುರಿನ ಮಸೀದಿಯ ಕಟ್ಟೆಯ ಮೇಲೆ ಮಲಗಿದೆ. ಗೌಂಡಿಯ ಕೈಕೆಳಗೆ ಕಲ್ಲು ಹೊರುತ್ತ ನಾನು ಗೋಡೆ ಎಂದರೇನೆಂದು ಮೊದಲ ಸಲ ಕಲಿತೆ. ನಮ್ಮ ಹಳೆಯ ಗೋಡೆ ಒಂದಲ್ಲ, ಎರಡು. ಹೊರಗಿನದೊಂದು ಪದರ, ಒಳಗಿನದೊಂದು ಪದರ. ನಡುವೆ ಕಲ್ಲಿನ ಚೂರು, ಮಣ್ಣು. ಅಲ್ಲಲ್ಲಿ ಎರಡನ್ನೂ ಹಿಡಿದಿಡುವ ಉದ್ದ ಕಲ್ಲು. ಹೊರಗೆ ಸುಣ್ಣದ ಚರ್ಮ ಇರುವ ತನಕ ಆ ಮಣ್ಣು ನೂರು ವರ್ಷ ಬಾಳುತ್ತದೆ. ನಾನು ಚರ್ಮ ಸುಲಿದು ಒಳಗೆ ನೀರು ತುಂಬಿದ್ದೆ. ಒಡೆದ ಗಡಿಯಾರವನ್ನು ಬದಲಿಸಿದ್ದರೆ ಜೋರು ಹೆಚ್ಚಾಯಿತೆಂದು ಮುಳ್ಳು ನನಗೆ ಹೇಳುತ್ತಿತ್ತು. ಕೈಗೆ ಇಷ್ಟು ವರ್ಷ ಗೊತ್ತಿದ್ದದ್ದು ಕಬ್ಬಿಣ ತೊಳೆಯುವ ಜೋರು. ಮಣ್ಣು ತೊಳೆಯುವ ಜೋರು ಅದಕ್ಕೆ ಗೊತ್ತಿರಲಿಲ್ಲ.

ಸುದ್ದಿ ತಿಳಿದು ವಾಡಿಯಿಂದ ಉಸ್ತಾದರು ಬಂದರು. ಗೋಡೆ ನೋಡಿದರು, ನನ್ನನ್ನು ನೋಡಿದರು. ಜೇಬಿನಿಂದ ಕಾಗದದಲ್ಲಿ ಸುತ್ತಿದ ಹೊಸ ಗಡಿಯಾರ ತೆಗೆದು ಕೈಯಲ್ಲಿಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು.

ಕೆಲಸ ನಡೆದ ದಿನಗಳಲ್ಲಿ ಹುಸೇನ್ ಸಾಬರ ಮಂಚವನ್ನು ಕೋಣೆಯ ಆಚೆ ಗೋಡೆಗೆ ಹಾಕಿದ್ದೆವು. ಕಿಂಡಿಯಿಂದ ಬೀದಿ ಕಾಣುತ್ತಿತ್ತು. ಅವರು ಎರಡು ವರ್ಷದಿಂದ ಬೀದಿ ನೋಡಿರಲಿಲ್ಲ. ನಾನು ಕಲ್ಲು ಎತ್ತಿಡುವಾಗ ಅವರು ಹೋಗುವವರನ್ನೆಲ್ಲ ನೋಡಿ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. "ಇವ ದಪ್ಪ ಆಗ್ಯಾನ. ನಾ ಹೊಲಿದ ಅಂಗಿ ಇನ್ನ ಅವಗ ಬರಂಗಿಲ್ಲ." "ಆ ಕಾಲರ್ ಯಾವನೋ ಹೊಲದಾನ, ಕತ್ತಿಗಿ ಹಗ್ಗ ಕಟ್ಟಿದಂಗ ಅದ."

ಒಂದು ದಿನ ನನ್ನ ಕೊಳವೆಯ ಮೂತಿಯನ್ನು ತರಿಸಿಕೊಂಡು, ಎಡಗೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ದೇವೀಂದ್ರ, ಇದು ಸೂಜಿ. ಸೂಜಿಲೆ ಇಸ್ತ್ರಿ ಮಾಡ್ತಾರೇನು?"

"ಇಲ್ರಿ."

"ಇಸ್ತ್ರಿಗಿ ಮೊದ್ಲ ಬಟ್ಟಿಗಿ ನೀರು ಹೆಂಗ ಹೊಡೀತಾರ, ನೋಡೀದಿ? ಈಗ ನನ್ನ ಬಾಯಿಗಿ ಆಗಂಗಿಲ್ಲ. ಜೈನಬೀ, ತೋರ್ಸ ಜರಾ."

ಜೈನಬಿ ನಕ್ಕು ಮುಖ ತಿರುಗಿಸಿದರು. ಗಂಡ ಒತ್ತಾಯ ಮಾಡಿದ ಮೇಲೆ ಬಾಯಿಯ ತುಂಬ ನೀರು ತೆಗೆದುಕೊಂಡು, ತುಟಿ ಚಪ್ಪಟೆ ಮಾಡಿ ಒಂದು ಹಳೆಯ ಬಟ್ಟೆಯ ಮೇಲೆ ಫುರ್ ಎಂದು ಊದಿದರು. ನೀರು ಬೀಸಣಿಗೆಯಂತೆ ಹರಡಿ ಬಿತ್ತು. ಬಟ್ಟೆಯ ಎಲ್ಲ ಕಡೆ ಒಂದೇ ಸಮ ತೇವ.

ಉಸ್ತಾದರು ಆಗಲೇ ಚೀಲದಲ್ಲಿ ತಾಮ್ರದ ಕೊಳವೆ ಹುಡುಕುತ್ತಿದ್ದರು. ಅದರ ತುದಿಯನ್ನು ಸುತ್ತಿಗೆಯಿಂದ ಬಡಿದು ತುಟಿಯಂತೆ ಚಪ್ಪಟೆ ಮಾಡಿದೆವು. ಮೊದಲನೆಯದರಲ್ಲಿ ನೀರು ಎರಡು ಸೀಳಾಯಿತು. ಎರಡನೆಯದು ಒಂದು ಪಕ್ಕಕ್ಕೇ ಹೋಯಿತು. ಐದನೆಯದು ಸರಿಯಾದ ಬೀಸಣಿಗೆ. ಹೊಸ ಗಡಿಯಾರದ ಮುಳ್ಳನ್ನು ಕಾಲುಭಾಗಕ್ಕೂ ಕೆಳಗೆ ಇಳಿಸಿ, ಗೋಡೆಯಿಂದ ಎರಡು ಮೊಳ ದೂರ ನಿಂತು, ಉಳಿದ ಗೋಡೆಗೆ ಹಿಡಿದೆ. ಸುಣ್ಣ ಸಾವಕಾಶ ಉದುರಿತು. ಲೋಟದಲ್ಲಿ ನೀರು ಹಿಡಿದು ಬಿಸಿಲಿಗೆ ನೋಡಿದೆ. ಬಿಳಿ ಇತ್ತು, ಕೆಂಪು ಇರಲಿಲ್ಲ. ಇಂಥ ಮೂತಿಗಳು ಈಗ ಅಂಗಡಿಯಲ್ಲೇ ಸಿಗುತ್ತವೆ. ನಾವು ಕಂಡುಹಿಡಿದದ್ದೇನೂ ದೊಡ್ಡದಲ್ಲ, ನಮಗೆ ಗೊತ್ತಿರಲಿಲ್ಲ ಅಷ್ಟೇ. ಆದರೆ ಹೊಸ ಯಂತ್ರ ತರುವವರು ಎಂಜಿನ್ನಿನ ಬಗ್ಗೆ ಯೋಚಿಸುವುದರ ಅರ್ಧದಷ್ಟಾದರೂ ಮೂತಿಯ ಬಗ್ಗೆ ಯೋಚಿಸಲಿ.

ಗೋಡೆ ಎದೆಮಟ್ಟಕ್ಕೆ ಏರಿದಾಗ ಹುಸೇನ್ ಸಾಬರ ಮಾತು ಕಡಿಮೆಯಾಯಿತು. ಬೀದಿ ಕಲ್ಲು ಕಲ್ಲಾಗಿ ಮುಚ್ಚುತ್ತಿತ್ತು. ಮರುದಿನ ಗೌಂಡಿ ಕಲ್ಲಿನ ಮುಂದಿನ ಸಾಲಿಗೆ ಮಣ್ಣು ಹಾಕುವಾಗ ಅವರು ಎಡಗೈ ಎತ್ತಿದರು.

"ಸಾಕು. ಅಲ್ಲಿಗೇ ಬಿಡ್ರಿ. ಕಿಡಕಿ ಇಡ್ರಿ."

ಜೈನಬಿ ಹೌಹಾರಿದರು. "ಬೀದಿಗಿ ಕಿಡಕಿ ಏನ್ರೀ? ಬರೋರು ಹೋಗೋರು ಒಳಗ ನೋಡ್ತಾರ!"

"ನೋಡ್ಲಿ. ನಾನೂ ನೋಡ್ತೀನಿ," ಎಂದರು.

ಜೈನಬಿ ಗಂಡನ ಮುಖವನ್ನೊಮ್ಮೆ, ಕಿಂಡಿಯನ್ನೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಅರ್ಧಕ್ಕ ಪರದೆ ಹಾಕ್ತೀನಿ. ಚೌಕಟ್ಟು ನೀ ತರ್ಬೇಕು ನೋಡು," ಎಂದರು. ಸೇಡಮಿನಿಂದ ಹಳೆಯ ಸಾಗುವಾನಿ ಚೌಕಟ್ಟು ತಂದು ಕೂರಿಸಿದೆವು. ಮಂಚವನ್ನು ಕಿಟಕಿಗೆ ಹತ್ತಿಸಿ ಹಾಕಿ ನಾನು, ನೀಲಮ್ಮ ವಾಡಿಗೆ ಮರಳಿದೆವು.

ಮತ್ತೆ ನಾನು ಚಿತ್ತಾಪುರಕ್ಕೆ ಹೋದದ್ದು ಮಳೆಗಾಲ ಕಳೆದ ಮೇಲೆ. ಗೋಡೆ ನೀರು ಕುಡಿದಿದೆಯೋ ಏನೋ ಎಂಬ ಅಳುಕು ಮನಸ್ಸಿನಲ್ಲಿತ್ತು. ದೂರದಿಂದಲೇ ಕಿಟಕಿಯ ಮುಂದೆ ಮೂರು ನಾಲ್ಕು ಜನ ಗಂಡಸರು ನಿಂತದ್ದು ಕಂಡಿತು. ಏನೋ ಆಗಿದೆ ಎಂದುಕೊಂಡು ದಾಪುಗಾಲು ಹಾಕಿದೆ. ಹತ್ತಿರ ಹೋದಾಗ ಒಳಗಿನಿಂದ ಹೊಲಿಗೆಯಂತ್ರದ ಸದ್ದು ಕೇಳಿಸಿತು.

ಹುಸೇನ್ ಸಾಬರು ದಿಂಬಿಗೆ ಒರಗಿ ಕೂತಿದ್ದರು. ಕಿಟಕಿಯ ಆಚೆ ನಿಂತ ಮನುಷ್ಯನನ್ನು ತಿರುಗು ಎನ್ನುತ್ತಿದ್ದರು, ಕೈ ಎತ್ತು ಎನ್ನುತ್ತಿದ್ದರು. ಕಣ್ಣಳತೆಯಿಂದಲೇ ಎದೆ ಇಷ್ಟು, ತೋಳು ಇಷ್ಟು ಎಂದು ಹೇಳುತ್ತಿದ್ದರು. ಪರದೆಯ ಹಿಂದೆ ಜೈನಬಿ ಆ ಅಳತೆಗೆ ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿ ಆಡಿಸುತ್ತಿದ್ದರು.

ಹುಸೇನ್ ಸಾಬರು ನನ್ನನ್ನು ಕಂಡು ಉಳಿದವರಿಗೆ ಸರಿಯಲು ಹೇಳಿದರು. "ಅಲ್ಲೇ ನಿಂದ್ರು. ಸೆಟದು ನಿಂದ್ರು. ತಿರುಗು."

ತಿರುಗಿದೆ.

"ಜೈನಬೀ, ಬರ್ಕೊ. ಎಡ ತೋಳು ಇಪ್ಪತ್ಮೂರು. ಬಲ ತೋಳು ಇಪ್ಪತ್ಮೂರೂವರಿ. ಬಲ ಭುಜ ಅರ್ಧ ಇಂಚು ಇಳದದ," ಎಂದರು. ನನ್ನ ಕಡೆ ನೋಡಿ, "ಆ ಕೊಳವಿ ಹಿಡದು ಹಿಡದು ಹಿಂಗ ಆಗ್ಯಾದ. ನಿನಗ ಗೊತ್ತಿತ್ತೇನು?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಅಲ್ಲಿಯ ತನಕ ನಾನು ತೊಟ್ಟ ಅಂಗಿಗಳೆಲ್ಲ ಒಂದು ಕಡೆ ಜಗ್ಗುತ್ತಿದ್ದವು. ಬಟ್ಟೆಯೇ ಹಾಗೆ ಎಂದುಕೊಂಡಿದ್ದೆ. ಎಂಟು ದಿನ ಬಿಟ್ಟು ಹೋಗಿ ಆ ಅಂಗಿ ತಂದು ತೊಟ್ಟೆ. ನೀಲಮ್ಮ ಹಿಂದಿನಿಂದ ಒಮ್ಮೆ, ಮುಂದಿನಿಂದ ಒಮ್ಮೆ ನೋಡಿ, ಬೆನ್ನ ಮೇಲೆ ಕೈಯಾಡಿಸಿದಳು. ಎರಡೂ ಭುಜಕ್ಕೆ ಸರಿಯಾಗಿ ಕೂತಿತ್ತು.